ಹಗ್ಗ ಹೋಯಿತು, ಸೂಜಿ ಬಂತು

“ಗಲಾಟೆ ಮಾಡುತ್ತಿದ್ದಾನೆಯೆ? ಒಂದು ಸೂಜಿ ಹಾಕಿ, ಮುಗಿಯಿತು” ಎಂಬ ಮಾತು ನಮ್ಮ ಆಸ್ಪತ್ರೆಗಳ ಪಡಸಾಲೆಗಳಲ್ಲಿ ಗಾದೆಯಂತೆ ಓಡಾಡುತ್ತಿದೆ. ಮುಗಿಯುವುದು ಯಾವುದು? ಗಲಾಟೆಯೊ, ರೋಗವೊ, ಅಥವಾ ನಮ್ಮ ಹೊಣೆಯೊ?

ಔಷಧವನ್ನೇ ಹಳಿಯುವ ಪಂಥದವನು ನಾನಲ್ಲ. 1952ರಲ್ಲಿ ಪ್ಯಾರಿಸಿನ ಸೇಂಟ್ ಆನ್ ಆಸ್ಪತ್ರೆಯಲ್ಲಿ ಡಿಲೇ ಮತ್ತು ಡೆನಿಕರ್ ಎಂಬ ವೈದ್ಯರು ಕ್ಲೋರ್‌ಪ್ರೊಮಜಿನ್ ಕೊಟ್ಟು ನೋಡಿದ ಮೇಲೆಯೇ ಮನೋರೋಗಿಗಳ ಕೈಕಾಲುಗಳ ಕಟ್ಟು ಸಡಿಲವಾಗತೊಡಗಿದ್ದು. ಮದ್ದೇ ಬೇಡವೆನ್ನುವ ಪುಣ್ಯಾತ್ಮರು 2001ರ ಆಗಸ್ಟ್ 6ನ್ನು ಒಮ್ಮೆ ನೆನೆಯಲಿ. ಅಂದು ತಮಿಳುನಾಡಿನ ಏರ್ವಾಡಿಯಲ್ಲಿ ಬೆಂಕಿ ಬಿದ್ದಾಗ, ಸರಪಳಿ ಬಿಗಿಸಿಕೊಂಡಿದ್ದ ಇಪ್ಪತ್ತಕ್ಕೂ ಹೆಚ್ಚು ಮಂದಿ ಓಡಲಾರದೆ ಸತ್ತರು.

ನನ್ನ ತಕರಾರು ಬೇರೆ. ಬೆಲ್ಜಿಯಮ್ಮಿನಲ್ಲಿ 1958ರಲ್ಲಿ ಹುಟ್ಟಿದ ಹ್ಯಾಲೊಪೆರಿಡಾಲ್ ಇಂದಿಗೂ ಇಂಥ ಹೊತ್ತಿನ ದೊಡ್ಡ ಆಸರೆ. ಆದರೆ ಅದನ್ನು ಒಂಟಿಯಾಗಿ ಚುಚ್ಚಿದರೆ ಕೆಲವರ ಕತ್ತು ತಿರುಚಿಕೊಳ್ಳುತ್ತದೆ, ಕಣ್ಣುಗುಡ್ಡೆ ಮೇಲಕ್ಕೆ ಸಿಕ್ಕಿಕೊಳ್ಳುತ್ತದೆ, ನಾಲಿಗೆ ಸೆಟೆಯುತ್ತದೆ. ಮೊದಲೇ ಬೆದರಿದವನಿಗೆ ಇದು ನರಕ. ತುರಿಕೆ, ಅಲರ್ಜಿಗಳಿಗೆ ಕೊಡುವ ಹಳೆಯ ಅಗ್ಗದ ಮದ್ದು ಪ್ರೊಮೆಥಜಿನ್ ಜೊತೆಗಿದ್ದರೆ ಈ ಪಾಡು ಬಹುಮಟ್ಟಿಗೆ ತಪ್ಪುತ್ತದೆ. ರಿಯೊ ಡಿ ಜನೈರೊದಲ್ಲಿ 316 ರೋಗಿಗಳ ಮೇಲೆ ನಡೆದು 2007ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ ಹೀಗೆ ಸೆಟೆದುಕೊಂಡವರು ಹತ್ತು ಮಂದಿ. ಹತ್ತೂ ಮಂದಿ ಒಂಟಿ ಮದ್ದಿನ ಗುಂಪಿನವರೇ. ಪರೀಕ್ಷೆಯನ್ನು ನಡುವೆಯೇ ನಿಲ್ಲಿಸಬೇಕಾಯಿತು. ನಮ್ಮ ನೆರೆಯ ವೆಲ್ಲೂರಿನಲ್ಲಿ 200 ರೋಗಿಗಳನ್ನು ನೋಡಿ 2004ರಲ್ಲಿ ಹೇಳಿದ್ದೂ ಇದೇ ದಾರಿಯ ಮಾತು: ಈ ಜೋಡಿಮದ್ದು ಬೇಗ ನಿದ್ದೆ ತರುತ್ತದೆ, ನಿದ್ದೆ ಬೇಡ, ಶಾಂತಿ ಸಾಕು ಎನ್ನುವಲ್ಲಿ ಲೊರಾಜೆಪಾಮ್ ಕೂಡ ಸಾಕು. ಇಷ್ಟು ತಿಳಿದ ಮೇಲೂ ಒಂಟಿ ಹ್ಯಾಲೊಪೆರಿಡಾಲ್ ಚುಚ್ಚುವವರಿದ್ದರೆ, ಅದನ್ನು ಚಿಕಿತ್ಸೆಯೆಂದು ಕರೆಯುವುದು ಹೇಗೆ?

ಸೂಜಿಗೆ ಮುಂಚಿನ ಕೆಲಸವೊಂದಿದೆ. ಕೂಗಾಡುವವನೆಲ್ಲ ಹುಚ್ಚನಲ್ಲ. ಜ್ವರ ನೆತ್ತಿಗೇರಿರಬಹುದು, ರಕ್ತದ ಸಕ್ಕರೆ ಇಳಿದಿರಬಹುದು, ತಲೆಗೆ ಪೆಟ್ಟಾಗಿರಬಹುದು. ಕುಡಿತ ಬಿಟ್ಟು ಎರಡು ದಿನವಾದವನು ಗೋಡೆಯ ಮೇಲೆ ಹುಳು ಕಂಡು ಚೀರುತ್ತಿದ್ದರೆ ಅವನಿಗೆ ಬೇಕಾದದ್ದು ಲೊರಾಜೆಪಾಮಿನ ಬಳಗದ ಮದ್ದು. ಹ್ಯಾಲೊಪೆರಿಡಾಲ್ ಒಂದನ್ನೇ ನಂಬಿದರೆ ಫಿಟ್ಸ್ ಬರುವ ಭಯವುಂಟು. “ಬಾಪ್ಪ, ಕೂತುಕೊ, ನೀರು ಕುಡಿ, ಈ ಮಾತ್ರೆ ತೆಗೆದುಕೊಳ್ಳುತ್ತೀಯಾ?” ಎಂದು ಕೇಳುವುದಕ್ಕೆ ಎಷ್ಟು ಹೊತ್ತು ಬೇಕು?

ಇನ್ನು ಕಾನೂನು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆಯ 97ನೆಯ ಪ್ರಕರಣ ಹಗ್ಗದ ವಿಷಯದಲ್ಲಿ ಬಲು ನಿಷ್ಠುರ: ಅಪಾಯ ತಪ್ಪಿಸಲು ಬೇರೆ ದಾರಿಯೇ ಇಲ್ಲದಿದ್ದರೆ ಮಾತ್ರ ಕಟ್ಟಬಹುದು, ಶಿಕ್ಷೆಗೆಂದು ಕೂಡದು, ಸಿಬ್ಬಂದಿ ಸಾಲದೆಂದು ಕೂಡದು, ಕಾರಣವನ್ನೂ ಅವಧಿಯನ್ನೂ ಬರೆದಿಡಬೇಕು. ಬಹಳ ಸರಿ. ಆದರೆ ಆ ಪ್ರಕರಣ ಹೇಳುವುದು ದೈಹಿಕ ಬಂಧನದ ಮಾತನ್ನಷ್ಟೆ. ಕೈ ಕಟ್ಟಿದರೆ ಲೆಕ್ಕ ಉಂಟು. ರಕ್ತದೊಳಗೇ ಗಂಟು ಹಾಕಿದರೆ ಅದು ‘ಔಷಧೋಪಚಾರ’!

“ಬರೆಯುತ್ತ ಕೂತರೆ ಅವನು ಕಿಟಕಿ ಒಡೆಯುತ್ತಾನೆ, ನಮ್ಮ ಹಲ್ಲು ಉದುರಿಸುತ್ತಾನೆ” ಎನ್ನುವರು. ನಿಜ, ಪೆಟ್ಟು ತಿಂದ ದಾದಿಯರ ಸಂಕಟ ಸಣ್ಣದಲ್ಲ. ಆದರೆ ಮೊದಲು ಬರೆಯಿರಿ ಎಂದವರಾರು? ಅವನು ಮಲಗಿದ ಮೇಲೆ ಬರೆಯಲಿ. ಯಾವ ಮದ್ದು, ಎಷ್ಟು, ಯಾರ ಅಪ್ಪಣೆ, ಅದಕ್ಕೆ ಮುಂಚೆ ಅವನೊಡನೆ ಆಡಿದ ಮಾತೇನು, ಆಮೇಲೆ ಉಸಿರನ್ನೂ ನಾಡಿಯನ್ನೂ ನೋಡಿದ್ದು ಎಷ್ಟು ಸಲ. ಆ ರಾತ್ರಿ ಇಡೀ ವಾರ್ಡಿಗೆ ಇದ್ದವರು ಇಬ್ಬರೇ ಆಗಿದ್ದರೆ, ಅದನ್ನೂ ಅದೇ ಪುಟದಲ್ಲಿ ಬರೆಯಲಿ.