ಮನೋರೋಗಿಯ ಮಾತು ಕೇಳುವವರು ಯಾರು?

ಹೊಸೂರು, ತಳಿ, ಡೆಂಕಣಿಕೋಟೆ ಕಡೆಯ ಕನ್ನಡ ಮನೆಗಳಲ್ಲಿ ಯಾರಿಗಾದರೂ ಮನಸ್ಸಿನ ಕಾಯಿಲೆ ಬಂದರೆ ಹಲವರು ನೆನೆಯುವುದು ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯನ್ನು. ಅದು ಇರುವುದೂ ಹೊಸೂರು ರಸ್ತೆಯಲ್ಲೇ. ನಮ್ಮ ಕಾಸರಗೋಡಿನವರಿಗೆ ಮಂಗಳೂರು ಇದ್ದಂತೆ ಅವರಿಗೆ ಅದು. ಆದರೆ ನಡುರಾತ್ರಿ ಕಾಯಿಲೆ ಕೆರಳಿದಾಗ ಹತ್ತಿರದ ಆಸ್ಪತ್ರೆಯೇ ಗತಿ. ಅಲ್ಲಿ ತಮಿಳು, ಇಲ್ಲಿ ಮಲೆಯಾಳ.

ಮನೋರೋಗಿಗಳೆಲ್ಲ ಹೊಡೆಯುವವರೆಂಬುದು ತಪ್ಪು ಕಲ್ಪನೆ. ಬಹುತೇಕರು ಯಾರಿಗೂ ಕೇಡು ಮಾಡುವವರಲ್ಲ. ಕೈಯೆತ್ತುವವನೂ ಹೆಚ್ಚಾಗಿ ಹೆದರಿದವನೇ ಆಗಿರುತ್ತಾನೆ. ಇಲ್ಲದ ದನಿ ಕೇಳುವುದು, ಕುಡಿತ ಥಟ್ಟನೆ ನಿಂತಾಗಿನ ತಳಮಳ, ಹಸಿವು, ನೋವು, ಕೇಳಿದ್ದಕ್ಕೆ ಸಿಕ್ಕದ ಉತ್ತರ, ಇವೆಲ್ಲ ಕಾರಣಗಳೇ. ಕೆಲವು ಔಷಧಗಳಿಂದ ರೋಗಿಗೆ ಕೂತಲ್ಲಿ ಕೂರಲಾಗದ ಚಡಪಡಿಕೆ ಹುಟ್ಟುವುದುಂಟು. ಅದನ್ನು ಅವನು ಕನ್ನಡದಲ್ಲಿ ಹೇಳಿ, ಕೇಳುವವರಿಗೆ ತಿಳಿಯದೆ ಹೋದರೆ, ರೋಗ ಹೆಚ್ಚಿತೆಂದು ಭಾವಿಸಿ ಅದೇ ಔಷಧವನ್ನು ಹೆಚ್ಚಿಸುವ ಅಪಾಯವಿದೆ.

ನಾರ್ವೆ ದೇಶದ ಬ್ರೋಸೆಟ್‌ನಲ್ಲಿ ಸಿದ್ಧವಾದ ಪಟ್ಟಿಯೊಂದರಲ್ಲಿ ಹಿಂಸೆಯ ಆರು ಮುನ್ಸೂಚನೆಗಳಿವೆ: ಗಲಿಬಿಲಿ, ಸಿಡುಕು, ಗದ್ದಲ, ಮಾತಿನ ಬೆದರಿಕೆ, ದೈಹಿಕ ಬೆದರಿಕೆ, ವಸ್ತುಗಳ ಮೇಲೆ ದಾಳಿ. ದಾದಿಯರು ಇವನ್ನು ಗುರುತಿಸಿದರೆ ಮುಂದಿನ 24 ಗಂಟೆಗಳ ಅಪಾಯವನ್ನು ಅಂದಾಜು ಮಾಡಬಹುದು. ಆದರೆ ಭಾಷೆಯೇ ತಿಳಿಯದವರು ಗಲಿಬಿಲಿಯನ್ನೂ ಬೆದರಿಕೆಯನ್ನೂ ಗುರುತಿಸುವುದು ಹೇಗೆ? ಸಮಾಧಾನದ ಮೊದಲ ಮದ್ದೂ ಮಾತೇ. ಒಬ್ಬರೇ ಮೆಲುದನಿಯಲ್ಲಿ ಮಾತನಾಡಬೇಕು, ಎರಡು ತೋಳಿನಷ್ಟು ದೂರ ನಿಲ್ಲಬೇಕು, ಬಾಗಿಲಿಗೆ ಅಡ್ಡವಾಗಬಾರದು ಎಂಬ ನಿಯಮಗಳೆಲ್ಲ ಸರಿ. ಆ ಮೆಲುದನಿ ರೋಗಿಗೆ ಅರ್ಥವಾಗದ ಭಾಷೆಯಲ್ಲಿದ್ದರೆ ಫಲವೇನು?

ಮಾತು ಸೋತಲ್ಲಿ ಹಗ್ಗ ಬರುತ್ತದೆ. 2001ರ ಆಗಸ್ಟ್ 6ರಂದು ತಮಿಳುನಾಡಿನ ಏರ್ವಾಡಿಯಲ್ಲಿ ಸರಪಳಿಗೆ ಬಿಗಿಯಲ್ಪಟ್ಟಿದ್ದ 28 ಮನೋರೋಗಿಗಳು ಬೆಂಕಿಗೆ ಆಹುತಿಯಾದುದನ್ನು ಮರೆಯಲಾಗದು. 2017ರ ಮಾನಸಿಕ ಆರೋಗ್ಯ ರಕ್ಷಣಾ ಕಾಯಿದೆಯು ಸರಪಳಿಯನ್ನೂ ಒಂಟಿ ಕೋಣೆಯ ಬಂಧನವನ್ನೂ ನಿಷೇಧಿಸಿದೆ. ಕೂಡಲೇ ಆಗಬಹುದಾದ ಅಪಾಯ ತಡೆಯಲು ಬೇರೆ ದಾರಿಯೇ ಇಲ್ಲದಾಗ ಮಾತ್ರ, ಮನೋವೈದ್ಯರ ಅನುಮತಿಯಿಂದ, ರೋಗಿಯನ್ನು ಕಟ್ಟಬಹುದು. ಶಿಕ್ಷೆಗೆಂದಾಗಲಿ, ಸಿಬ್ಬಂದಿ ಸಾಲದೆಂದಾಗಲಿ ಕಟ್ಟುವಂತಿಲ್ಲ. ರೋಗಿಗೆ ತಿಳಿಯುವ ಭಾಷೆಯಲ್ಲಿ ಚಿಕಿತ್ಸೆಯ ವಿವರ ಪಡೆಯುವ ಹಕ್ಕೂ ಅದೇ ಕಾಯಿದೆಯಲ್ಲಿದೆ.

ಇದು ದಾದಿಯರನ್ನು ದೂರುವ ಮಾತಲ್ಲ. ಏಟು ತಿನ್ನುವವರೂ ಅವರೇ. ರೋಗಿಯ ಮಾತು ತಿಳಿಯುವವರೊಬ್ಬರು ಸರದಿಯಲ್ಲಿದ್ದರೆ ಅವರ ರಕ್ಷಣೆಯೂ ಆಗುತ್ತದೆ.

ಮನೆಯವರ ಕರ್ತವ್ಯವೂ ಉಂಟು. ಸೇರಿಸುವಾಗಲೇ ರೋಗಿ ಯಾವುದಕ್ಕೆ ಸಿಟ್ಟಾಗುತ್ತಾನೆ, ಯಾವುದರಿಂದ ತಣ್ಣಗಾಗುತ್ತಾನೆ, ಕುಡಿತವಿದೆಯೇ, ಹಿಂದೆ ಯಾವ ಔಷಧ ಒಗ್ಗಲಿಲ್ಲ ಎಂಬುದನ್ನು ಮುಚ್ಚಿಡದೆ ಬರೆಸಬೇಕು. ನಾಚಿಕೆಯಿಂದ ಅಡಗಿಸಿದ ಸಂಗತಿಯೇ ವಾರ್ಡಿನಲ್ಲಿ ಜಗಳವಾಗಿ ಹೊರಬರುತ್ತದೆ. ಕಾಯಿಲೆ ಕೆರಳುವ ಮೊದಲೇ ಸಲಹೆ ಬೇಕಿದ್ದರೆ 2022ರಲ್ಲಿ ಆರಂಭವಾದ ಟೆಲಿ ಮಾನಸ್‌ನ 14416 ಸಂಖ್ಯೆಗೆ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತನಾಡಬಹುದು.

ಕೃಷ್ಣಗಿರಿ ಇರಲಿ, ಕಾಸರಗೋಡು ಇರಲಿ, ಗಡಿ ಜಿಲ್ಲೆಗಳ ಆಸ್ಪತ್ರೆಗಳಲ್ಲಿ ಕನ್ನಡ ಬಲ್ಲ ದಾದಿಯರನ್ನು ನೇಮಿಸಬೇಕು. ಅಲ್ಲಿಯ ತನಕ ಮನೆಯವರೊಬ್ಬರಿಗೆ ರೋಗಿಯ ಬಳಿ ಇರಲು ಅವಕಾಶ ಕೊಡಬೇಕು. ಫಲಕಗಳಲ್ಲಿ ಕನ್ನಡಕ್ಕಾಗಿ ನಾವು ಅನೇಕ ಬಾರಿ ಮನವಿ ಸಲ್ಲಿಸಿದ್ದೇವೆ. ತನ್ನ ನೋವನ್ನು ತಾನೇ ಹೇಳಿಕೊಳ್ಳಲಾರದವನ ಹಾಸಿಗೆಯ ಬಳಿಗೂ ಕನ್ನಡ ಬರಲಿ ಎಂಬ ಈ ಮನವಿಯನ್ನು ಸಂಬಂಧಪಟ್ಟವರು ಪರಿಗಣಿಸುವರೇ?