ರೇಡಿಯೊ ಬದಲಾದದ್ದು ಯಾರ ಸಲುವಾಗಿ?

ಷಿಕಾಗೋದ ಡಬ್ಲ್ಯೂಎಲ್‌ಎಸ್ ಎಎಂ ನಿಲಯ 1924ರಲ್ಲಿ ಹುಟ್ಟಿದ್ದು ಸಿಯರ್ಸ್ ರೋಬಕ್ ಎಂಬ ವ್ಯಾಪಾರಿ ಕಂಪನಿಯ ದುಡ್ಡಿನಲ್ಲಿ. 1928ರಲ್ಲಿ ಅದು ‘ಪ್ರೇರಿ ಫಾರ್ಮರ್’ ಎಂಬ ಕೃಷಿ ಪತ್ರಿಕೆಯ ಕೈಸೇರಿತು. ಮಧ್ಯಾಹ್ನ ಊಟದ ಹೊತ್ತಿಗೆ ರೈತರ ಕಾರ್ಯಕ್ರಮ, ದನ, ಹಂದಿಗಳ ಪೇಟೆ ಧಾರಣೆ. ಶನಿವಾರ ರಾತ್ರಿ ‘ನ್ಯಾಷನಲ್ ಬಾರ್ನ್ ಡ್ಯಾನ್ಸ್’ ಎಂಬ ಹಳ್ಳಿ ಹಾಡುಗಳ ಮೇಳ. 1960ರ ಮೇನಲ್ಲಿ ನಿಲಯದ ಹೊಸ ಒಡೆಯ ಎಬಿಸಿ ಪ್ರಸಾರ ಕಂಪನಿ ರಾಕ್ ಸಂಗೀತ ತಂದಿತು. 1989ರಲ್ಲಿ ಅದೂ ಹೋಗಿ ಬರೀ ಮಾತು ಉಳಿಯಿತು.

ಕೇಳುಗರು ಬದಲಾದರು, ನಿಲಯವೂ ಬದಲಾಯಿತು ಎಂಬ ಸಮರ್ಥನೆ ಅರ್ಧ ಸತ್ಯ. ಎಫ್‌ಎಂನ ಸ್ವಚ್ಛ ಧ್ವನಿಯೆದುರು ಎಎಂ ಸಂಗೀತ ಸೋತಿತ್ತು. ಹಾಗಾಗಿ 1989ರ ತೀರ್ಮಾನವನ್ನು ಒಪ್ಪಬಹುದು. 1960ರದಕ್ಕೆ ಆ ನೆಪವಿಲ್ಲ. ಅಲ್ಲಿಂದ ಹೊರಬಿದ್ದ ಬಾರ್ನ್ ಡ್ಯಾನ್ಸ್ ಅದೇ ಊರಿನ ಮತ್ತೊಂದು ನಿಲಯ ಡಬ್ಲ್ಯೂಜಿಎನ್‌ನಲ್ಲಿ 1968ರವರೆಗೂ ನಡೆಯಿತು. ಕೇಳುವವರಿದ್ದರು, ಜಾಹೀರಾತಿಗೆ ಬೇಕಾಗಿದ್ದ ಹರೆಯದವರು ಅವರಲ್ಲ, ಅಷ್ಟೆ. ರಾಕ್ ಕಾಲದಲ್ಲಿ ನಿಲಯ ಭಾರಿ ಹೆಸರು ಮಾಡಿತು, ನಿಜ. ಆದರೆ ರೈತನಿಗೆ ಅದರಿಂದ ಧಾರಣೆ ಸಿಗಲಿಲ್ಲ. ಖಾಸಗಿ ಕಂಪನಿಗೆ ಲಾಭವೇ ಲೆಕ್ಕ, ಇರಲಿ. ಸಾರ್ವಜನಿಕ ಹಣದಲ್ಲಿ ನಡೆಯುವ ನಮ್ಮ ಆಕಾಶವಾಣಿಯ ಕೃಷಿರಂಗವನ್ನು ಮಾತ್ರ ಅದೇ ತಕ್ಕಡಿಯಲ್ಲಿ ತೂಗಬಾರದು.