ಮೀನುಗಳ ಜಗಳಕ್ಕೆ ಹೊಣೆ ಯಾರು?

ಬೆಂಗಳೂರಿನಲ್ಲಿರುವ ನನ್ನ ಮಗನ ಮನೆಯಲ್ಲಿ ಉಪ್ಪುನೀರಿನ ಅಕ್ವೇರಿಯಂ ಒಂದಿದೆ. ನಾಲ್ಕಡಿ ಉದ್ದ, ಒಂದೂವರೆ ಅಡಿ ಅಗಲ, ಅಷ್ಟೇ ಎತ್ತರ. ಸುಮಾರು 250 ಲೀಟರ್ ನೀರು ಹಿಡಿಯುತ್ತದೆ. ಅವನು ಅದರಲ್ಲಿ ಮೊದಲು ಬಿಟ್ಟದ್ದು ಕಪ್ಪು ಮೈಯ ಮೇಲೆ ಮೂರು ಬಿಳಿ ಚುಕ್ಕೆಗಳುಳ್ಳ ಡಾಮಿನೊ ಡ್ಯಾಮ್ಸೆಲ್ ಮೀನನ್ನು. ಎರಡು ತಿಂಗಳ ಅನಂತರ ಕಿತ್ತಳೆ ಬಣ್ಣದ ಎರಡು ಕ್ಲೌನ್ ಮೀನುಗಳು ಬಂದವು. ನಾಲ್ಕನೆಯ ದಿನ ಅವುಗಳಲ್ಲೊಂದು ಬಾಲ ಹರಿದು ಸತ್ತು ಬಿದ್ದಿತ್ತು. "ತಾತ, ಈ ಕಪ್ಪು ಮೀನು ಕೆಟ್ಟದ್ದು" ಎಂದಳು ಮೊಮ್ಮಗಳು. ಮನೆಯವರ ತೀರ್ಪೂ ಅದೇ. ನನಗೆ ಅದು ಸರಿಯೆನಿಸಲಿಲ್ಲ.

ಆಸ್ಟ್ರಿಯಾದ ವಿಜ್ಞಾನಿ ಕೊನ್ರಾಡ್ ಲೊರೆನ್ಜ್ ಅವರು ಆಕ್ರಮಣಶೀಲತೆಯನ್ನು ಕುರಿತ ತಮ್ಮ 1963ರ ಗ್ರಂಥದಲ್ಲಿ, ಹವಳದ ಮೀನುಗಳು ಪರರಿಗಿಂತ ತಮ್ಮವರ ಮೇಲೆಯೇ ಹೆಚ್ಚು ಬೀಳುತ್ತವೆ ಎಂದು ವಿವರಿಸಿದ್ದಾರೆ. ಒಂದೇ ಆಹಾರ, ಒಂದೇ ಬಗೆಯ ಪೊಟರೆ ಬೇಕಾದವರ ನಡುವೆಯೇ ಅಲ್ಲವೇ ಪೈಪೋಟಿ! ಕ್ಲೌನ್ ಮೀನು ಸಹ ಡ್ಯಾಮ್ಸೆಲ್ ಕುಟುಂಬಕ್ಕೆ ಸೇರಿದ್ದು. ನಮ್ಮ ಭಾಷೆಯಲ್ಲಿ ಹೇಳುವುದಾದರೆ ಇದು ದಾಯಾದಿ ಕಲಹ. ಕಡಲಿನಲ್ಲಿಯಾದರೆ ಸೋತದ್ದು ದೂರ ಈಜಿಹೋಗುತ್ತದೆ, ಜಗಳ ಅಲ್ಲಿಗೆ ಮುಗಿಯುತ್ತದೆ. ಗಾಜಿನ ಪೆಟ್ಟಿಗೆಯಲ್ಲಿ ಸೋತವನಿಗೆ ಹೋಗಲು ದಾರಿಯೇ ಇಲ್ಲ. ಆ ಪೆಟ್ಟಿಗೆಯನ್ನು ಮಾಡಿದವರು ನಾವು.

ಆದ್ದರಿಂದ ಮೀನನ್ನು ದೂರುವ ಮುನ್ನ ವ್ಯವಸ್ಥೆಯನ್ನು ತಿದ್ದಬೇಕೆಂದು ಮಗನಿಗೆ ಹೇಳಿದೆ. ಅವನು ಡಾಮಿನೊವನ್ನು ರಂಧ್ರಗಳುಳ್ಳ ಪಾರದರ್ಶಕ ಡಬ್ಬಿಯಲ್ಲಿಟ್ಟು, ಅದೇ ತೊಟ್ಟಿಯೊಳಗೆ ಒಂದು ವಾರ ಇರಿಸಿದನು. ಕಲ್ಲುಗಳನ್ನು ಬೇರೆ ರೀತಿಯಲ್ಲಿ ಜೋಡಿಸಿ ಹೊಸ ಪೊಟರೆಗಳನ್ನು ಮಾಡಿದನು. ಹಳೆಯ ಗಡಿಗಳು ಅಳಿಸಿಹೋದವು. ಆಹಾರವನ್ನು ಎರಡು ಕಡೆ ಹಾಕತೊಡಗಿದನು. ಡಬ್ಬಿಯಿಂದ ಹೊರಬಂದ ಡಾಮಿನೊ ಈಗ ತಾನೇ ಹೊಸಬ! ಮೊದಲೇ ಸೌಮ್ಯ ಮೀನುಗಳನ್ನು ಬಿಟ್ಟು, ಜಗಳಗಂಟಿಯನ್ನು ಕೊನೆಯಲ್ಲಿ ಬಿಟ್ಟಿದ್ದರೆ ಇಷ್ಟು ಪಾಡು ಬೇಕಿರಲಿಲ್ಲ.

ಇದನ್ನು ನೋಡುತ್ತಿದ್ದಾಗ ನನಗೆ ಒಂಬತ್ತನೆಯ ತರಗತಿಯ ಒಬ್ಬ ಹುಡುಗ ನೆನಪಾದನು. ಪಕ್ಕದವರೊಡನೆ ದಿನವೂ ಹೊಡೆದಾಡುತ್ತಿದ್ದನೆಂದು ವಾರಗಟ್ಟಲೆ ಅವನನ್ನು ತರಗತಿಯ ಹೊರಗೆ ನಿಲ್ಲಿಸಿದ್ದೆ. ಮೂವರು ಕೂರುವ ಬೆಂಚಿನಲ್ಲಿ ಐವರನ್ನು ಕೂರಿಸಿದ್ದವನು ನಾನೇ ಎಂಬುದು ಆಗ ಹೊಳೆಯಲಿಲ್ಲ. ಅವನು ಇದನ್ನು ಓದುತ್ತಿದ್ದರೆ, ತಪ್ಪು ನನ್ನದಾಗಿತ್ತು ಎಂದು ತಿಳಿಯಲಿ.

ಹಾಗೆಂದು ಎಲ್ಲವೂ ಜೋಡಣೆಯಿಂದಲೇ ಸರಿಹೋಗುತ್ತದೆಂದು ನಾನು ವಾದಿಸುವುದಿಲ್ಲ. ಅಂಗಡಿಯಲ್ಲಿ ಅಂಗುಲದಷ್ಟಿರುವ ಡಾಮಿನೊ ಸುಮಾರು ಐದು ಅಂಗುಲ ಬೆಳೆಯಬಲ್ಲದು. ಬೆಳೆದಂತೆ ಅದರ ಜೋರೂ ಹೆಚ್ಚುತ್ತದೆ. ಎಂಟು ತಿಂಗಳ ಬಳಿಕ ಉಳಿದ ಕ್ಲೌನ್ ಮೀನು ಮೇವು ಬಿಟ್ಟು ಮೂಲೆ ಸೇರಿದ ದಿನವೇ ಮಗನು ಡಾಮಿನೊವನ್ನು ದೊಡ್ಡ ತೊಟ್ಟಿಯುಳ್ಳ ಸ್ನೇಹಿತರಿಗೆ ಕೊಟ್ಟನು. ಅದು ಶಿಕ್ಷೆಯಲ್ಲ, ಅದಕ್ಕೆ ಬೇಕಾದಷ್ಟು ಜಾಗವನ್ನು ಒದಗಿಸಿದ್ದು. ಉಪ್ಪುನೀರಿನ ಮೀನು ಸಾಕಬೇಕೆಂದಿರುವವರು ಅದರ ಬಣ್ಣವನ್ನು ನೋಡುವ ಮೊದಲು, ಅದು ಎಷ್ಟು ಬೆಳೆಯುತ್ತದೆ, ಯಾರೊಡನೆ ಬಾಳುತ್ತದೆ ಎಂದು ಅಂಗಡಿಯವನನ್ನು ಕೇಳಿ ತಿಳಿದುಕೊಳ್ಳಿರಿ.